ಅಣ್ಣಾಮಲೆಯ ಆತ್ಮತೃಪ್ತರು: ಭಗವಾನ್ ಶ್ರೀ ರಮಣ ಮಹರ್ಷಿಗಳು

ಹೊಸೂರು ಸೀಮೆಯ ಕನ್ನಡಿಗರಾದ ನಮಗೆ ತಿರುವಣ್ಣಾಮಲೆಯು ದೂರದ ಊರಲ್ಲ. ಕೃಷ್ಣಗಿರಿಯನ್ನು ದಾಟಿ, ಊತ್ತಂಗರೆ, ಚೆಂಗಂಗಳ ಮಾರ್ಗವಾಗಿ ಆಗ್ನೇಯ ದಿಕ್ಕಿಗೆ ಸಾಗಿದರೆ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಆ ಬೆಟ್ಟವು ಬಹು ದೂರದಿಂದಲೇ ಗೋಚರವಾಗುವುದು. ನಮಗೂ ಆ ಊರಿಗೂ ಇರುವ ನಂಟು ದಾರಿಯ ನಂಟು ಮಾತ್ರವೂ ಅಲ್ಲ. ದ್ವಾರಸಮುದ್ರವು ದೆಹಲಿಯ ದಂಡುಗಳ ಕೈಗೆ ಸಿಕ್ಕಿ ಹಾಳಾದ ತರುವಾಯ ಹೊಯ್ಸಳರ ಮೂರನೆಯ ವೀರಬಲ್ಲಾಳನು ತನ್ನ ನೆಲೆಯನ್ನು ಈ ಅರುಣಾಚಲದ ಬುಡಕ್ಕೆ ತಂದುಕೊಂಡನು. ಮಧುರೆಯ ಸುಲ್ತಾನರೊಡನೆ ಕಾದಾಡಿ ೧೩೪೨ರ ಸುಮಾರಿಗೆ ಆತನು ಮಡಿದನು. ಅಲ್ಲಿಯ ದೇವಾಲಯದ ಒಂದು ಗೋಪುರವನ್ನು ಇಂದಿಗೂ ಜನರು ವಲ್ಲಾಳ ಮಹಾರಾಜರ ಗೋಪುರವೆಂದೇ ಕರೆಯುವರು. ಮಕ್ಕಳಿಲ್ಲದ ಆ ಅರಸನಿಗೆ ಸ್ವತಃ ಅರುಣಾಚಲೇಶ್ವರನೇ ಮಗನಾದನೆಂದು ಸ್ಥಳಪುರಾಣವು ಹೇಳುವುದು. ಆ ಕಾರಣದಿಂದ ವರುಷಕ್ಕೊಮ್ಮೆ ಮಾಸಿ ತಿಂಗಳಿನಲ್ಲಿ ಉತ್ಸವಮೂರ್ತಿಯನ್ನು ಪಳ್ಳಿಕೊಂಡಪಟ್ಟು ಎಂಬ ಹಳ್ಳಿಯ ಹೊಳೆಯ ದಡಕ್ಕೆ ಕೊಂಡೊಯ್ದು ಬಲ್ಲಾಳರಾಯನ ತಿಥಿಯನ್ನು ದೇವರ ಹೆಸರಿನಲ್ಲಿ ನಡೆಯಿಸುವರು. ಕನ್ನಡದ ಅರಸನಿಗೆ ತಮಿಳುನಾಡಿನ ದೇವರು ತರ್ಪಣ ಬಿಡುವನೆಂಬುದು ಗಡಿಯ ಜನರಾದ ನಾವು ನೆನೆದು ಹಿಗ್ಗತಕ್ಕ ಸಂಗತಿ.

ಅದೇ ದೇವಾಲಯದಲ್ಲಿ ವಿಜಯನಗರದ ಕೃಷ್ಣದೇವರಾಯನು ೧೫೧೬ರ ಸುಮಾರಿನಲ್ಲಿ ಕಟ್ಟಿಸಿದ ಸಾವಿರ ಕಂಬಗಳ ಮಂಟಪವಿದೆ. ಅದರ ತಳದಲ್ಲಿ ಪಾತಾಳಲಿಂಗವೆಂಬ ಕತ್ತಲೆಯ ಗುಡಿಯೊಂದಿದೆ. ಆ ನೆಲಮಾಳಿಗೆಯಲ್ಲಿ ೧೮೯೬ನೆಯ ಇಸವಿಯಲ್ಲಿ ಹದಿನಾರು ವರುಷದ ಹುಡುಗನೊಬ್ಬನು ಹುಳುಹುಪ್ಪಟೆಗಳು ತೊಡೆಯನ್ನು ಕಡಿದು ಕೀವುಗಟ್ಟಿಸಿದರೂ ಅರಿವಿಲ್ಲದೆ ವಾರಗಟ್ಟಲೆ ಕುಳಿತಿದ್ದನು. ಆ ಹುಡುಗನ ಜೀವನವನ್ನು ಕುರಿತು ಈ ಸಂಚಿಕೆಯಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂಬುದು ನಮ್ಮ ಬಯಕೆ. ಸುಖವೆಂಬುದನ್ನು ಹೊರಗೆ ಹುಡುಕಿ ಬಳಲುವ ಕಾಲದಲ್ಲಿ, ಅದನ್ನು ಎಲ್ಲಿಯೂ ಹುಡುಕಿ ಹೋಗದೆ ಐವತ್ಮೂರು ವರುಷಗಳಿಗೆ ಮೀರಿ ಒಂದೇ ಬೆಟ್ಟದ ತಪ್ಪಲಿನಲ್ಲಿ ತಣಿದು ಕುಳಿತವರ ಕಥೆಯು ಕೇಳತಕ್ಕದ್ದೇ ಸರಿ.

ಮಧುರೆಯ ಆಚೆಗೆ ತಿರುಚ್ಚುಳಿ ಎಂಬ ಊರು. ಅಲ್ಲಿಯ ವಕೀಲಿ ವೃತ್ತಿಯ ಸುಂದರಮಯ್ಯರ್ ಮತ್ತು ಅಳಗಮ್ಮಾಳ್ ದಂಪತಿಗಳ ಎರಡನೆಯ ಮಗನಾಗಿ ವೆಂಕಟರಾಮನು ೧೮೭೯ನೆಯ ಡಿಸೆಂಬರ್ ೩೦ರಂದು ಜನಿಸಿದನು. ಅಂದು ಆರುದ್ರಾ ದರ್ಶನದ ಪರ್ವ. ತಂದೆಯು ಉದಾರಿ, ಊರಿಗೆ ಬಂದ ಪರಸ್ಥಳದವರಿಗೆ ಅವನ ಮನೆಯಲ್ಲಿ ಊಟವೂ ತಂಗುದಾಣವೂ ದೊರೆಯುತ್ತಿದ್ದವು. ೧೮೯೨ರಲ್ಲಿ ಆತನು ತೀರಿಕೊಳ್ಳಲು ಸಂಸಾರವು ಒಡೆಯಿತು. ಹಿರಿಯ ಮಗ ನಾಗಸ್ವಾಮಿಯೂ ವೆಂಕಟರಾಮನೂ ಮಧುರೆಯಲ್ಲಿದ್ದ ಚಿಕ್ಕಪ್ಪ ಸುಬ್ಬಯ್ಯರ್ ಅವರ ಮನೆಗೆ ಬಂದರು. ಹುಡುಗನು ಅಲ್ಲಿಯ ಅಮೆರಿಕನ್ ಮಿಷನ್ ಹೈಸ್ಕೂಲಿನಲ್ಲಿ ಓದುತ್ತಿದ್ದನು. ಓದುತ್ತಿದ್ದನೆಂಬುದು ಮರ್ಯಾದೆಯ ಮಾತು. ಜ್ಞಾಪಕಶಕ್ತಿಯು ಚೆನ್ನಾಗಿದ್ದುದರಿಂದ ಒಮ್ಮೆ ಕೇಳಿದ ಪಾಠವನ್ನು ಒಪ್ಪಿಸಿಬಿಡುವನು. ಮಿಕ್ಕ ವೇಳೆಯೆಲ್ಲ ಕಾಲ್ಚೆಂಡು, ಕುಸ್ತಿ. ನಿದ್ರೆಯಂತೂ ಕುಂಭಕರ್ಣನದು. ಎಚ್ಚರವಾಗಿರುವಾಗ ಇವನನ್ನು ಸೋಲಿಸಲಾರದ ಹುಡುಗರು ನಿದ್ರಿಸುತ್ತಿದ್ದವನನ್ನು ಹೊತ್ತುಕೊಂಡು ಹೋಗಿ ಮನದಣಿಯೆ ಹೊಡೆದು ಮರಳಿ ತಂದು ಮಲಗಿಸುತ್ತಿದ್ದರಂತೆ. ಇವನಿಗೆ ಅದು ಮರುದಿನವೂ ತಿಳಿಯುತ್ತಿರಲಿಲ್ಲ. ಇಂತಹ ಹುಡುಗರು ಪ್ರತಿಯೊಂದು ತರಗತಿಯಲ್ಲಿಯೂ ಒಬ್ಬಿಬ್ಬರಿರುವರು. ಅವರಲ್ಲಿ ಯಾವನು ಯಾರಾಗುವನೋ ಬಲ್ಲವರಾರು?

೧೮೯೬ರ ಜುಲೈ ತಿಂಗಳ ನಡುವಿನಲ್ಲಿ ಒಂದು ದಿನ ಅವನು ಮಹಡಿಯ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದನು. ಮೈಯಲ್ಲಿ ಯಾವ ರೋಗವೂ ಇರಲಿಲ್ಲ. ಇದ್ದಕ್ಕಿದ್ದಂತೆ ತಾನು ಸಾಯುತ್ತಿರುವೆನೆಂಬ ಭಯವು ಅವನನ್ನು ಹಿಡಿಯಿತು. ವೈದ್ಯರನ್ನಾಗಲಿ ಹಿರಿಯರನ್ನಾಗಲಿ ಕರೆಯಬೇಕೆಂದು ಅವನಿಗೆ ತೋರಲಿಲ್ಲ. ಸಾವು ಬಂದಿದ್ದರೆ ಸಾಯುವುದು ಯಾವುದೆಂದು ನೋಡಿಬಿಡೋಣವೆಂದು ಅವನು ನೆಲದ ಮೇಲೆ ಮಲಗಿ, ಕೈಕಾಲುಗಳನ್ನು ಹೆಣದಂತೆ ಸೆಟೆದು ಚಾಚಿ, ತುಟಿಗಳನ್ನು ಬಿಗಿದು, ಉಸಿರನ್ನು ತಡೆದನು. ಈ ಒಡಲನ್ನು ಈಗ ಸುಡುಗಾಡಿಗೆ ಒಯ್ದು ಬೂದಿ ಮಾಡುವರು. ಆದರೆ ಒಡಲಿನೊಡನೆ ನಾನು ಸತ್ತೆನೆ? ಒಡಲು ಜಡವಾಗಿ ಬಿದ್ದಿರುವಾಗಲೂ ನಾನೆಂಬುದು ಒಳಗೆ ಬೆಳಗುತ್ತಿದೆಯಲ್ಲ! ಇದನ್ನು ಅವನು ಗ್ರಂಥದಿಂದ ಕಲಿತವನಲ್ಲ. ಆಗ ಅವನು ಓದಿದ್ದ ಧರ್ಮಗ್ರಂಥಗಳು ಬೆರಳೆಣಿಕೆಗೂ ಬಾರವು. ಬೆಂಕಿಯನ್ನು ಮುಟ್ಟಿ ಬಿಸಿಯೆಂದು ಅರಿತಂತೆ ಅರಿತನು. ಮರಣಭಯವು ಅಂದು ಬಿಟ್ಟುಹೋದುದು ಮತ್ತೆ ಬರಲಿಲ್ಲ.

ಆ ಬಳಿಕ ಅವನಿಗೆ ಆಟದಲ್ಲಿಯೂ ಊಟದಲ್ಲಿಯೂ ರುಚಿಯು ಉಳಿಯಲಿಲ್ಲ. ಮೀನಾಕ್ಷಿಯ ಗುಡಿಗೆ ಹೋಗಿ ಅರುವತ್ತಮೂವರ ಪ್ರತಿಮೆಗಳ ಮುಂದೆ ನಿಂತು ಕಣ್ಣೀರಿಡುವನು. ಆಗಸ್ಟ್ ೨೯ರಂದು, ಪಾಠವನ್ನು ಸಿದ್ಧಪಡಿಸದೆ ಹೋದುದಕ್ಕಾಗಿ ಬೇನನ ಇಂಗ್ಲಿಷ್ ವ್ಯಾಕರಣದ ಪಾಠವನ್ನು ಮೂರು ಸಲ ನಕಲು ಮಾಡಬೇಕೆಂಬ ಶಿಕ್ಷೆಯನ್ನು ಅನುಭವಿಸುತ್ತ ಕುಳಿತಿದ್ದನು. ಎರಡು ಸಲ ಬರೆದವನು ಮೂರನೆಯ ಸಲ ಬರೆಯಲಾರದೆ ಪುಸ್ತಕವನ್ನು ಬದಿಗಿಟ್ಟು ಕಣ್ಣು ಮುಚ್ಚಿದನು. ಹೀಗೆ ಇರುವವನಿಗೆ ಓದು, ಮನೆ, ಇವೆಲ್ಲ ಏತಕ್ಕೆಂದು ಅಣ್ಣನು ಗದರಿಸಿದನು. ಬೈಗುಳವಾಗಿ ಬಂದ ಮಾತು ತಮ್ಮನಿಗೆ ಸತ್ಯವಾಗಿ ಕೇಳಿಸಿತು. ಶಾಲೆಯಲ್ಲಿ ವಿಶೇಷ ತರಗತಿಯಿದೆಯೆಂದು ಹೇಳಿ ಎದ್ದನು. ಹಾಗಾದರೆ ಪೆಟ್ಟಿಗೆಯಿಂದ ಐದು ರೂಪಾಯಿ ತೆಗೆದುಕೊಂಡು ನನ್ನ ಕಾಲೇಜಿನ ಫೀಸನ್ನು ಕಟ್ಟಿಬಿಡು ಎಂದು ಅಣ್ಣನು ತನಗರಿಯದೆಯೇ ದಾರಿಯ ವೆಚ್ಚವನ್ನೂ ಒದಗಿಸಿದನು. ಹುಡುಗನು ಹಳೆಯ ಭೂಪಟವೊಂದನ್ನು ನೋಡಿ ಲೆಕ್ಕ ಹಾಕಿ, ಮೂರು ರೂಪಾಯಿ ಸಾಕೆಂದು ಎಣಿಸಿ, ಎರಡು ರೂಪಾಯಿಯನ್ನು ಒಂದು ಚೀಟಿಯೊಡನೆ ಇಟ್ಟು ಹೊರಟನು.

ಆ ಚೀಟಿಯ ವಿಷಯದಲ್ಲಿ ಕನ್ನಡ ಪಂಡಿತರಾದ ನಾವು ಒಂದು ಗಳಿಗೆ ನಿಲ್ಲಬೇಕಾಗಿದೆ. ತಂದೆಯ ಅಪ್ಪಣೆಯಂತೆ ಆತನನ್ನು ಹುಡುಕಿ ಹೊರಟಿರುವುದಾಗಿಯೂ, ಇದು ಒಳ್ಳೆಯ ಕಾರ್ಯವೇ ಆದುದರಿಂದ ಯಾರೂ ದುಃಖಿಸಬಾರದೆಂದೂ, ಹುಡುಕುವುದಕ್ಕಾಗಿ ಹಣ ವೆಚ್ಚ ಮಾಡಬಾರದೆಂದೂ ಅದರ ಸಾರ. ತಂದೆಯೆಂದರೆ ಅರುಣಾಚಲೇಶ್ವರನು. ಆದರೆ ವಿಶೇಷವಿರುವುದು ಸರ್ವನಾಮದಲ್ಲಿ. ಮೊದಲ ವಾಕ್ಯದಲ್ಲಿ ನಾನು ಎಂದು ಬರೆದ ಹುಡುಗನು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ತನ್ನನ್ನು ಇದು ಎಂದು ಕರೆದುಕೊಂಡನು. ಕಡೆಯಲ್ಲಿ ರುಜುವಿನ ಸ್ಥಳದಲ್ಲಿ ಬರಿಯ ಗೆರೆ, ಹೆಸರಿಲ್ಲ. ಉತ್ತಮಪುರುಷವು ನಪುಂಸಕಲಿಂಗದ ಪ್ರಥಮಪುರುಷವಾಗಿ, ಅದೂ ಕಡೆಗೆ ಲೋಪವಾಯಿತು. ವ್ಯಾಕರಣದ ಶಿಕ್ಷೆಯನ್ನು ತಪ್ಪಿಸಿಕೊಂಡು ಓಡಿದ ಹುಡುಗನು ಹೋಗುತ್ತ ಬರೆದಿಟ್ಟ ಈ ಪ್ರಯೋಗಕ್ಕೆ ಕೇಶಿರಾಜನ ಯಾವ ಸೂತ್ರವನ್ನು ಹಚ್ಚೋಣ?

ಹಳೆಯ ಭೂಪಟವು ಅವನಿಗೆ ಮೋಸ ಮಾಡಿತ್ತು. ತಿರುವಣ್ಣಾಮಲೆಗೆ ಹೊಸದಾಗಿ ರೈಲು ಬಂದುದು ಅದರಲ್ಲಿರಲಿಲ್ಲ. ಅವನು ಎರಡು ರೂಪಾಯಿ ಹದಿಮೂರು ಆಣೆ ಕೊಟ್ಟು ತಿಂಡಿವನಕ್ಕೆ ಚೀಟಿ ಪಡೆದನು. ವಿಳ್ಳುಪುರದಲ್ಲಿಯೇ ಇಳಿದು ಬೇರೆ ಗಾಡಿಯನ್ನು ಹಿಡಿಯಬೇಕೆಂದು ಅದೇ ಬಂಡಿಯಲ್ಲಿದ್ದ ಒಬ್ಬ ಮೌಲ್ವಿಯು ತಿಳಿಸಿದನು. ವಿಳ್ಳುಪುರದಲ್ಲಿ ಉಣಬಡಿಸಿದ ಹೋಟೆಲಿನವನು ಹುಡುಗನ ಮುಖವನ್ನು ಕಂಡು ಎರಡಾಣೆಯನ್ನು ಮುಟ್ಟಲಿಲ್ಲ. ಉಳಿದ ಕಾಸಿಗೆ ಮಾಂಬಳಪಟ್ಟಿನವರೆಗೆ ಮಾತ್ರ ರೈಲು, ಅಲ್ಲಿಂದ ಕಾಲುನಡಿಗೆ. ಗುಡಿಯೊಂದರಲ್ಲಿ ಅರ್ಚಕರು ಅನ್ನವಿಲ್ಲವೆಂದಾಗ ಮದ್ದಳೆಗಾರನು ತನ್ನ ಪಾಲನ್ನು ಕೊಡಿಸಿದನು. ಕೀಳೂರಿನಲ್ಲಿ ಭಾಗವತರೊಬ್ಬರ ಮನೆಯಲ್ಲಿ ಗೋಕುಲಾಷ್ಟಮಿಯ ದಿನ ಊಟವಾಯಿತು. ಕಿವಿಯ ಚಿನ್ನದ ಕಡುಕನ್ನು ಅವರಲ್ಲಿ ನಾಲ್ಕು ರೂಪಾಯಿಗೆ ಒತ್ತೆಯಿಟ್ಟನು. ಅದರ ಬೆಲೆಯು ಇಪ್ಪತ್ತರಷ್ಟಿದ್ದಿತು. ಬಿಡಿಸಿಕೊಳ್ಳಲು ಕೊಟ್ಟ ವಿಳಾಸದ ಚೀಟಿಯನ್ನು ಬೀದಿಗೆ ಬಂದೊಡನೆ ಹರಿದು ಬಿಸುಟನು. ಸೆಪ್ಟೆಂಬರ್ ೧ರ ಬೆಳಗ್ಗೆ ತಿರುವಣ್ಣಾಮಲೆಯಲ್ಲಿ ಇಳಿದು ನೇರವಾಗಿ ಗರ್ಭಗುಡಿಗೆ ನಡೆದನು. ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ. ಬಂದೆನೆಂದು ತಂದೆಗೆ ಒಪ್ಪಿಸಿ ಹೊರಬಂದು, ತಲೆ ಬೋಳಿಸಿಕೊಂಡು, ಉಳಿದ ಮೂರು ರೂಪಾಯಿ ಚಿಲ್ಲರೆಯನ್ನು ಅಯ್ಯನ್ ಕೊಳಕ್ಕೆ ಎಸೆದನು. ಆಮೇಲೆ ೧೯೫೦ರವರೆಗೆ ಆ ಕೈಯಿಂದ ಹಣವನ್ನು ಮುಟ್ಟಿದ್ದಿಲ್ಲ. ಆ ಊರನ್ನು ಬಿಟ್ಟು ಕದಲಿದ್ದಿಲ್ಲ.

ಮೊದಲಿನ ವರುಷಗಳ ಕಠೋರವನ್ನು ವಿಸ್ತರಿಸುವುದು ಬೇಡ. ಪಾತಾಳಲಿಂಗದಲ್ಲಿ ಪುಂಡ ಹುಡುಗರು ಕಲ್ಲೆಸೆಯುತ್ತಿದ್ದಾಗ ಶೇಷಾದ್ರಿ ಸ್ವಾಮಿಗಳೆಂಬ ಅವಧೂತರು ಕಾವಲಾಗಿ ನಿಂತರು. ಕೆಲವರು ಭಕ್ತರು ಅವನನ್ನು ಎತ್ತಿಕೊಂಡು ಹೊರಕ್ಕೆ ತಂದರು. ಗುರುಮೂರ್ತಮೆಂಬಲ್ಲಿ ಇರುವೆಗಳ ನಡುವೆ ಒಂದೂವರೆ ವರುಷ ಕಳೆಯಿತು. ಪಳನಿಸ್ವಾಮಿಯೆಂಬ ಮಲೆಯಾಳದ ಸಾಧು ಬಂದು ಸೇವೆಗೆ ನಿಂತನು. ಮೌನಿಯಾದ ಈ ತರುಣನು ಯಾರ ಮಗನೆಂಬುದು ಮೆಲ್ಲನೆ ಬೆಳಕಿಗೆ ಬಂದಿತು.

೧೮೯೮ರ ಕೊನೆಯಲ್ಲಿ ತಾಯಿಯು ಬಂದಳು. ಬೆಟ್ಟದ ಒಂದು ಕವಲಾದ ಪವಳಕುನ್ರಿನಲ್ಲಿ, ಜಡೆಗಟ್ಟಿದ ಕೂದಲು, ಬೆಳೆದ ಉಗುರು, ಕೊಳೆಯಾದ ಕೌಪೀನಗಳಲ್ಲಿ ಬಂಡೆಯ ಮೇಲೆ ಮಲಗಿದ್ದವನನ್ನು ಹೆತ್ತ ಕರುಳು ಕಂಡ ಕೂಡಲೆ ಗುರುತಿಸಿತು. ಮನೆಗೆ ಬಾ ಎಂದು ಬೇಡಿಕೊಂಡಳು. ಮಗನು ಮಾತಾಡಲಿಲ್ಲ. ದಿನ ದಿನವೂ ತಿಂಡಿಗಳನ್ನು ಮಾಡಿ ತಂದಳು, ಅತ್ತಳು, ಬೈದಳು. ಮಗನು ಎದ್ದು ದೂರ ಹೋದನು. ನೆರೆದವರಲ್ಲಿ ಒಬ್ಬರು ಮನ ಕರಗಿ ಕಾಗದ, ಸೀಸದ ಕಡ್ಡಿಗಳನ್ನು ಮುಂದಿಡಲು, ಅವರವರ ಪ್ರಾರಬ್ಧದಂತೆ ನಡೆಯಿಸುವವನೊಬ್ಬನಿರುವನು. ಆಗದಿರತಕ್ಕದ್ದು ಎಷ್ಟು ಯತ್ನಿಸಿದರೂ ಆಗದು, ಆಗತಕ್ಕದ್ದು ಎಷ್ಟು ತಡೆದರೂ ನಿಲ್ಲದು. ಆದುದರಿಂದ ಸುಮ್ಮನಿರುವುದೇ ಒಳಿತು ಎಂಬ ಅರ್ಥವನ್ನು ಬರೆದು ತೋರಿಸಿದನು. ತಾಯಿಯು ಬರಿಗೈಯಲ್ಲಿ ಮರಳಿದಳು.

ಈ ಪ್ರಸಂಗವನ್ನು ಓದಿದಾಗಲೆಲ್ಲ ನಮ್ಮ ಮನಸ್ಸು ತಾಯಿಯ ಪಕ್ಷವನ್ನೇ ವಹಿಸುವುದು, ಅದನ್ನು ಮರೆಮಾಚಲಾರೆವು. ಗಂಡನಿಲ್ಲದ ಹೆಂಗಸು, ಎಲ್ಲಿಗೆ ಹೋದನೋ ಸತ್ತನೋ ಎಂದು ಎರಡು ವರುಷ ಕೊರಗಿದವಳು; ಅವಳಿಗೆ ಬಾಯಿ ತೆರೆದು ಒಂದು ಮಾತನ್ನಾದರೂ ಆಡಬಾರದಾಗಿತ್ತೆ? ಒಬ್ಬನು ಒಳಗೆ ಕಂಡುಕೊಂಡ ಸುಖಕ್ಕೆ ಇನ್ನೊಬ್ಬಳು ಹೊರಗೆ ಕಣ್ಣೀರಿನ ಬೆಲೆ ತೆರಬೇಕಾದರೆ ಆ ಸುಖವನ್ನು ಹೇಗೆ ಹೊಗಳುವುದು? ಮಹಾತ್ಮರ ಚರಿತ್ರೆಯನ್ನು ಬರೆಯುವವರು ಇಂತಹ ಸ್ಥಳದಲ್ಲಿ ಸಾಮಾನ್ಯವಾಗಿ ವೇಗವಾಗಿ ನಡೆದುಬಿಡುವರು. ನಾವು ನಿಂತುದಕ್ಕೆ ಕಾರಣವುಂಟು. ಕಥೆಯು ಇಲ್ಲಿಗೆ ಮುಗಿಯಲಿಲ್ಲ; ಇದಕ್ಕೆ ಉತ್ತರವು ದೊರೆಯಲು ಇಪ್ಪತ್ತಮೂರು ವರುಷಗಳು ಹಿಡಿದವು.

ಆ ಮಧ್ಯದಲ್ಲಿ ೧೮೯೯ರಿಂದ ೧೯೧೬ರವರೆಗೆ ಬೆಟ್ಟದ ಮೇಲಿನ ವಿರೂಪಾಕ್ಷ ಗುಹೆಯೇ ಸ್ವಾಮಿಗಳ ವಾಸಸ್ಥಾನವಾಯಿತು. ೧೯೦೨ರಲ್ಲಿ ಕಂದಾಯ ಇಲಾಖೆಯ ಶಿವಪ್ರಕಾಶಂ ಪಿಳ್ಳೆ ಎಂಬವರು ಬಂದು ಪ್ರಶ್ನೆಗಳನ್ನು ಕೇಳಿದರು. ಮೌನದಲ್ಲಿದ್ದ ಸ್ವಾಮಿಗಳು ಮರಳಿನ ಮೇಲೆಯೂ ಹಲಗೆಯ ಮೇಲೆಯೂ ಉತ್ತರಗಳನ್ನು ಬರೆದರು. ಅದೇ ಮುಂದೆ ೧೯೨೩ರಲ್ಲಿ ಅಚ್ಚಾದ ನಾನ್ ಯಾರ್ ಎಂಬ ಕಿರುಹೊತ್ತಗೆ; ನಾನು ಯಾರು ಎಂಬುದೇ ಅದರ ಹೆಸರಿನ ಅರ್ಥ. ಅದರಲ್ಲಿ ಬರುವ ವಿಚಾರವನ್ನು ನಮ್ಮ ಮಾತಿನಲ್ಲಿ ಹೀಗೆ ತಿಳಿಸಬಹುದು. ಪ್ರತಿಯೊಂದು ಪ್ರಾಣಿಯೂ ದುಃಖದ ಸೋಂಕಿಲ್ಲದ ಸುಖವನ್ನೇ ಬಯಸುವುದು. ತನ್ನ ಮೇಲೆ ಯಾವನಿಗೂ ಪ್ರೀತಿ ತಪ್ಪಿದ್ದಿಲ್ಲ. ಪ್ರೀತಿಯು ಸುಖವಿರುವಲ್ಲಿ ಮಾತ್ರ ಹುಟ್ಟುವುದಾದುದರಿಂದ ಸುಖವು ತನ್ನಲ್ಲಿಯೇ ಇದ್ದಿರಬೇಕು. ಗಾಢನಿದ್ರೆಯಲ್ಲಿ ಹೊಲವಿಲ್ಲ, ಮನೆಯಿಲ್ಲ, ಹೆಂಡಿರು ಮಕ್ಕಳಿಲ್ಲ, ಕೀರ್ತಿಯಿಲ್ಲ. ಆದರೂ ಎದ್ದವನು ಸುಖವಾಗಿ ಮಲಗಿದ್ದೆನೆಂದೇ ಹೇಳುವನು. ಹಾಗಾದರೆ ಆ ಸುಖವನ್ನು ಕೊಟ್ಟವರಾರು?

ಬಯಸಿದ ವಸ್ತು ಕೈಗೆ ಬಂದಾಗ ಆಗುವ ಸುಖವನ್ನೂ ಅವರು ಹೀಗೆಯೇ ಬಿಡಿಸಿದರು. ನಮ್ಮ ಶಾಲೆಯ ನಿದರ್ಶನವನ್ನೇ ತೆಗೆದುಕೊಳ್ಳೋಣ. ಹತ್ತನೆಯ ತರಗತಿಯ ಫಲಿತಾಂಶದ ದಿನ ತೇರ್ಗಡೆಯಾದ ಹುಡುಗನು ಕುಣಿಯುವನು. ಅಂಕಗಳ ಹಾಳೆಯಲ್ಲಿ ಸುಖವಿದ್ದರೆ ಮರುವರುಷವೂ ಅದನ್ನು ನೋಡಿ ಕುಣಿಯಬೇಕಷ್ಟೆ? ಮರುವಾರವೇ ಅದು ಪೆಟ್ಟಿಗೆಯ ತಳವನ್ನು ಸೇರುವುದು. ಆ ದಿನ ನಡೆದುದಿಷ್ಟೇ: ಎರಡು ತಿಂಗಳಿನಿಂದ ಅತ್ತಿತ್ತ ಓಡಾಡುತ್ತಿದ್ದ ಮನಸ್ಸು ಒಂದು ಗಳಿಗೆ ಓಟವನ್ನು ನಿಲ್ಲಿಸಿ ತನ್ನ ಮನೆಯಲ್ಲಿ ಕುಳಿತುಕೊಂಡಿತು. ಮನೆಯ ತಂಪನ್ನು ಅವನು ಹಾಳೆಯ ಗುಣವೆಂದು ತಿಳಿದನು. ಮರದ ನೆರಳಿನಲ್ಲಿರುವವನು ಸುಮ್ಮನೆ ಬಿಸಿಲಿಗೆ ಹೋಗಿ, ಬೆಂದು, ಮರಳಿ ನೆರಳಿಗೆ ಬಂದು ಆಹಾ ಎನ್ನುವ ಅವಿವೇಕವನ್ನು ಮಹರ್ಷಿಗಳು ಹೋಲಿಕೆಯಾಗಿ ಕೊಟ್ಟಿರುವರು. ನೆರಳಿನಲ್ಲಿಯೇ ಉಳಿಯುವ ಉಪಾಯವೆಂದರೆ, ಯೋಚನೆಯೊಂದು ಎದ್ದೊಡನೆ ಇದು ಯಾರಿಗೆ ಎದ್ದಿತೆಂದು ಕೇಳಿ, ನನಗೆ ಎಂಬ ಉತ್ತರವು ಬಂದರೆ ಆ ನಾನು ಯಾರೆಂದು ಮೂಲಕ್ಕೆ ತಿರುಗುವುದು. ಮಂತ್ರವಿಲ್ಲ, ದೀಕ್ಷೆಯಿಲ್ಲ, ಜಾತಿಯ ಕಟ್ಟಿಲ್ಲ. ಕೇಳಲು ಬಹು ಸುಲಭ. ಮಾಡಲು ಹೊರಟರೆ ಐದು ನಿಮಿಷದಲ್ಲಿ ನಮ್ಮ ಮನಸ್ಸು ಸಂತೆಗೆ ಹೋಗಿ ತರಕಾರಿಯ ಬೆಲೆಯನ್ನು ವಿಚಾರಿಸುತ್ತಿರುವುದು; ಇದು ನಮ್ಮ ಅನುಭವ.

ಎಚ್ಚಮ್ಮಾಳ್ ಎಂಬ ಹೆಂಗಸಿನ ಸಂಗತಿಯನ್ನು ಇಲ್ಲಿ ಹೇಳಬೇಕು. ಇಪ್ಪತ್ತೈದು ವರುಷ ತುಂಬುವುದರೊಳಗೆ ಗಂಡನನ್ನೂ ಒಬ್ಬನೇ ಮಗನನ್ನೂ ಒಬ್ಬಳೇ ಮಗಳನ್ನೂ ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡಿದ್ದವಳು. ಯಾತ್ರೆಗಳಿಂದಲೂ ಸಾಧುಗಳ ಸೇವೆಯಿಂದಲೂ ಆ ಉರಿಯು ಆರಲಿಲ್ಲ. ೧೯೦೬ರಲ್ಲಿ ವಿರೂಪಾಕ್ಷ ಗುಹೆಗೆ ಬಂದು ಮೌನಿಗಳ ಮುಂದೆ ಒಂದು ಗಂಟೆ ಸುಮ್ಮನೆ ನಿಂತಳು. ಸ್ವಾಮಿಗಳು ಏನನ್ನೂ ಹೇಳಲಿಲ್ಲ, ಅವಳೂ ಏನನ್ನೂ ಕೇಳಲಿಲ್ಲ. ಇಳಿದು ಹೋಗುವಾಗ ಹೊತ್ತು ತಂದಿದ್ದ ಭಾರವು ಇರಲಿಲ್ಲವೆಂದು ಅವಳೇ ಹೇಳಿಕೊಂಡಿರುವಳು. ಅಂದಿನಿಂದ ೧೯೪೫ರಲ್ಲಿ ತೀರಿಕೊಳ್ಳುವವರೆಗೆ ಆ ಊರಿನಲ್ಲಿಯೇ ನೆಲಸಿ ದಿನವೂ ಅನ್ನ ಮಾಡಿ ಹೊತ್ತು ತರುತ್ತಿದ್ದಳು. ಅಳಗಮ್ಮಾಳಿಗೆ ದೊರೆತ ಮೌನವೂ ಎಚ್ಚಮ್ಮಾಳಿಗೆ ದೊರೆತ ಮೌನವೂ ಒಂದೇ. ಒಬ್ಬಳು ಮಗನನ್ನು ಬೇಡಲು ಬಂದಿದ್ದಳು, ಇನ್ನೊಬ್ಬಳಿಗೆ ಬೇಡತಕ್ಕದ್ದೇನೂ ಉಳಿದಿರಲಿಲ್ಲ.

೧೯೦೭ನೆಯ ನವೆಂಬರ್ ೧೮ರಂದು ಕಾವ್ಯಕಂಠ ಗಣಪತಿ ಶಾಸ್ತ್ರಿಗಳು ಬೆಟ್ಟವನ್ನೇರಿ ಬಂದರು. ಆಂಧ್ರದೇಶದ ಈ ಮಹಾವಿದ್ವಾಂಸರು ನವದ್ವೀಪದ ಪಂಡಿತಸಭೆಯಲ್ಲಿ ಆಶುಕವಿತ್ವದಿಂದ ಬಿರುದನ್ನು ಪಡೆದಿದ್ದವರು. ಇಷ್ಟು ಓದಿ ಇಷ್ಟು ಜಪ ಮಾಡಿಯೂ ತಪಸ್ಸೆಂದರೆ ಏನೆಂದು ತಿಳಿಯಲಿಲ್ಲವೆಂದು ಪಾದವನ್ನು ಹಿಡಿದರು. ನಾನೆಂಬುದು ಎಲ್ಲಿಂದ ಏಳುವುದೋ ಅದನ್ನು ನೋಡಲು ಮನಸ್ಸು ಅಲ್ಲಿ ಅಡಗುವುದು, ಅದೇ ತಪಸ್ಸು ಎಂಬ ಉತ್ತರ ಬಂದಿತು. ಆ ತರುಣ ಸ್ವಾಮಿಗಳಿಗೆ ಭಗವಾನ್ ಶ್ರೀ ರಮಣ ಮಹರ್ಷಿ ಎಂಬ ಹೆಸರನ್ನಿಟ್ಟವರು ಇವರೇ. ಇವರ ಶಿಷ್ಯರಾದ ಗೋಕರ್ಣದ ದೈವರಾತರು ಮಹರ್ಷಿಗಳನ್ನು ಕೇಳಿದ ಪ್ರಶ್ನೆಗಳು ೧೯೧೭ರ ರಮಣಗೀತೆಯಲ್ಲಿ ಸೇರಿವೆ. ಮುಂದೆ ಗಣಪತಿ ಮುನಿಗಳು ನಮ್ಮ ಶಿರಸಿಯಲ್ಲಿ ನೆಲಸಿದ್ದಾಗ ೧೯೩೧ರಲ್ಲಿ ಅಲ್ಲಿಂದ ಗುರುಗಳಿಗೆ ಪತ್ರಗಳನ್ನು ಬರೆದರು. ಹೀಗೆ ಅಣ್ಣಾಮಲೆಯ ಗಾಳಿಯು ಕನ್ನಡದ ಕರಾವಳಿಯನ್ನೂ ಮಲೆನಾಡನ್ನೂ ಮುಟ್ಟಿತು. ಮಹರ್ಷಿಗಳಿಗಂತೂ ಭಾಷೆಗಳ ಗಡಿಯು ಇರಲೇ ಇಲ್ಲ. ಭಕ್ತರು ತಂದ ಪುಸ್ತಕಗಳನ್ನು ಓದಿ ಹೇಳುವುದಕ್ಕಾಗಿಯೇ ಮಲೆಯಾಳ, ತೆಲುಗು, ಸಂಸ್ಕೃತಗಳನ್ನು ಕಲಿತು, ತಮಿಳಿನೊಡನೆ ಆ ಭಾಷೆಗಳಲ್ಲಿಯೂ ಪದ್ಯಗಳನ್ನು ರಚಿಸಿದರು.

ಈಗ ತಾಯಿಯ ಕಡೆಗೆ ತಿರುಗೋಣ. ೧೯೦೦ರಲ್ಲಿ ಹಿರಿಯ ಮಗನು ತೀರಿಕೊಂಡನು. ಮನೆಯು ಮಾರಿಹೋಯಿತು. ೧೯೧೪ರಲ್ಲಿ ಮಗನನ್ನು ನೋಡಲು ಬಂದವಳು ವಿಷಮಜ್ವರದಿಂದ ಮಲಗಿದಳು. ಹಿಂದೆ ಒಂದು ಮಾತನ್ನೂ ಆಡದಿದ್ದ ಮಗನು ಹಗಲಿರುಳು ಪಕ್ಕದಲ್ಲಿ ಕುಳಿತು ಶುಶ್ರೂಷೆ ಮಾಡಿದರು. ತಾಯಿಯನ್ನು ಉಳಿಸೆಂದು ಅರುಣಾಚಲನನ್ನು ಬೇಡಿ ಪದ್ಯಗಳನ್ನೂ ಕಟ್ಟಿದರು. ಆಗುವುದು ಆಗಿಯೇ ತೀರುವುದೆಂದು ಬರೆದುಕೊಟ್ಟಿದ್ದವರು ಹೀಗೆ ಬೇಡಿದರೆಂಬುದನ್ನು ನಾವು ಅಸಂಗತವೆನ್ನುವುದಿಲ್ಲ. ನಮ್ಮ ಮನಸ್ಸಿಗೆ ಅದು ಬಹು ಹಿತವಾದುದು. ೧೯೧೬ರಲ್ಲಿ ಅಳಗಮ್ಮಾಳ್ ಎಲ್ಲವನ್ನೂ ಬಿಟ್ಟು ಬೆಟ್ಟಕ್ಕೆ ಬಂದು ನೆಲಸಿದಳು. ಸ್ಕಂದಾಶ್ರಮದಲ್ಲಿ ಅವಳ ಒಲೆಯು ಹೊತ್ತಿತು. ಕಿರಿಯ ಮಗನೂ ಬಂದು ಸೇರಿದನು. ಮಡಿ ಮೈಲಿಗೆಗಳನ್ನು ಬಿಡದ ತಾಯಿಯನ್ನು ಮಗನು ಹಾಸ್ಯ ಮಾಡುವರು: ಈರುಳ್ಳಿ ನುಗ್ಗೆಕಾಯಿಗಳು ಮೋಕ್ಷಕ್ಕೆ ಅಡ್ಡ ಬಂದಾವು, ಜೋಕೆ! ತಾಯಿಯೆಂದು ವಿಶೇಷ ಸಲಿಗೆಯನ್ನೇನೂ ಕೊಡಲಿಲ್ಲ. ಆರು ವರುಷಗಳಲ್ಲಿ ಅವಳ ಹಟಗಳನ್ನೆಲ್ಲ ಒಂದೊಂದಾಗಿ ಕರಗಿಸಿದರು. ೧೯೨೨ನೆಯ ಮೇ ೧೯ರಂದು ಅವಳಿಗೆ ಅಂತ್ಯಕಾಲವು ಬಂದಾಗ ಮಹರ್ಷಿಗಳು ಬಲಗೈಯನ್ನು ಎದೆಯ ಮೇಲೆಯೂ ಎಡಗೈಯನ್ನು ತಲೆಯ ಮೇಲೆಯೂ ಇರಿಸಿ ರಾತ್ರಿ ಎಂಟು ಗಂಟೆಯವರೆಗೆ ಕದಲದೆ ಕುಳಿತಿದ್ದರು. ಬೆಟ್ಟದ ಬುಡದಲ್ಲಿ ಅವಳ ಸಮಾಧಿಯಾಯಿತು. ಆ ವರುಷದ ಡಿಸೆಂಬರಿನಲ್ಲಿ ಅವರೇ ಬೆಟ್ಟವನ್ನಿಳಿದು ಅದರ ಬಳಿ ಬಂದು ನಿಂತುಬಿಟ್ಟರು. ಇಂದು ರಮಣಾಶ್ರಮವೆಂದು ಹೆಸರಾಗಿರುವುದು ಈ ತಾಯಿಯ ಗದ್ದುಗೆಯ ಸುತ್ತಲೂ ಬೆಳೆದುದು. ಮನೆಗೆ ಬಾರೆನೆಂದ ಮಗನು ಕಡೆಗೆ ತಾಯಿಯಿದ್ದಲ್ಲಿಗೆ ಬಂದರು.

ಆಶ್ರಮದ ದಿನಗಳಲ್ಲಿ ನಮಗೆ ಎಲ್ಲಕ್ಕಿಂತ ಪ್ರಿಯವಾದುದು ಅಡಿಗೆಮನೆ. ಲೋಕವೆಲ್ಲ ಮಹರ್ಷಿಗಳೆಂದು ಕೈಮುಗಿಯುತ್ತಿದ್ದ ಕಾಲದಲ್ಲಿ ಅವರು ನಸುಕಿನಲ್ಲಿ ಎದ್ದು ತರಕಾರಿ ಹೆಚ್ಚುತ್ತಿದ್ದರು, ಚಟ್ನಿ ಅರೆಯುತ್ತಿದ್ದರು. ನೆಲಕ್ಕೆ ಬಿದ್ದ ಸಾಸಿವೆಯ ಕಾಳನ್ನೂ ಆಯ್ದು ತೆಗೆದಿಡುವರು. ಪಂಕ್ತಿಯಲ್ಲಿ ತಮಗೆ ಒಂದು ತುತ್ತು ಹೆಚ್ಚು ಬಡಿಸಿದರೂ ಒಪ್ಪರು. ಒಮ್ಮೆ ಬೆಟ್ಟದ ಪೊದೆಯಲ್ಲಿ ಅವರ ತೊಡೆಯು ಕಣಜದ ಗೂಡಿಗೆ ತಗುಲಿತು. ಹುಳುಗಳು ಮುತ್ತಲು, ಅವುಗಳ ಮನೆಯನ್ನು ಕೆಡಿಸಿದ ತಪ್ಪಿಗೆ ಇದು ಸರಿಯೆಂದು ಕಾಲನ್ನು ಕದಲಿಸದೆ ಅವುಗಳಿಗೆ ತೃಪ್ತಿಯಾಗುವವರೆಗೆ ಕಚ್ಚಿಸಿಕೊಂಡರು. ೧೯೨೪ರ ಜೂನ್ ೨೬ರ ರಾತ್ರಿ ಕಳ್ಳರು ನುಗ್ಗಿ ಅವರ ತೊಡೆಗೂ ಬಾರಿಸಿದರು. ಸೇಡಿಗೆ ಎದ್ದ ಶಿಷ್ಯರನ್ನು, ಹಲ್ಲು ನಾಲಗೆಯನ್ನು ಕಚ್ಚಿದರೆ ಹಲ್ಲನ್ನು ಮುರಿದುಕೊಳ್ಳುವರೇ ಎಂದು ಕೇಳಿ ತಡೆದರು. ೧೯೨೬ರಲ್ಲಿ ಕರುವಾಗಿ ಬಂದ ಲಕ್ಷ್ಮಿಯೆಂಬ ಹಸುವು ೧೯೪೮ರಲ್ಲಿ ಸಾಯುವಾಗ ತಾಯಿಯ ಬಳಿ ಕುಳಿತಂತೆಯೇ ಅದರ ಬಳಿಯೂ ಕುಳಿತರು. ಪಾಲ್ ಬ್ರಂಟನ್ ೧೯೩೧ರಲ್ಲಿ ಬಂದು ಬರೆದ ಪುಸ್ತಕದಿಂದ ದೇಶಾಂತರಗಳ ಜನರು ಬರತೊಡಗಿದರು, ೧೯೩೮ರಲ್ಲಿ ಸಾಮರ್ಸೆಟ್ ಮಾಮನೂ ಬಂದನು. ಅವರ ಹೆಸರುಗಳ ಪಟ್ಟಿಯಲ್ಲಿ ನಮಗೆ ಆಸಕ್ತಿಯಿಲ್ಲ. ಮಂಗಗಳಿಗೂ ಅದೇ ಸಭಾಂಗಣದಲ್ಲಿ ಪ್ರವೇಶವಿತ್ತು.

ಸಂಸಾರಿಗಳು ಬಂದು ಮನೆ ಉದ್ಯೋಗಗಳನ್ನು ಬಿಡಲು ಅಪ್ಪಣೆ ಬೇಡಿದರೆ ಮಹರ್ಷಿಗಳು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಕಾಡಿಗೆ ಹೋದರೂ ಮನಸ್ಸು ಜೊತೆಗೆ ಬರುವುದಷ್ಟೆ! ತಾವೇಕೆ ಬಿಟ್ಟಿರೆಂದು ಕೇಳಿದವರಿಗೆ, ಅದು ತಮ್ಮ ಪ್ರಾರಬ್ಧವೆಂದು ಉತ್ತರ. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಗಡಿಸೀಮೆಯಲ್ಲಿ ಕನ್ನಡದ ಶಾಲೆಗೆ ಒಬ್ಬ ಉಪಾಧ್ಯಾಯರನ್ನು ಬೇಡಿದರೆ, ಪಾಠಪುಸ್ತಕಗಳು ಸಕಾಲಕ್ಕೆ ಬರಲಿಲ್ಲವೆಂದರೆ, ಇದ್ದುದರಲ್ಲಿ ತೃಪ್ತಿಪಡಿರೆಂಬ ವೇದಾಂತವನ್ನು ಕೇಳಿಸುವವರಿಗೆ ಕೊರತೆಯಿಲ್ಲ. ಮಕ್ಕಳ ಪಾಲಿನ ಅನ್ನವನ್ನು ಕಡಿಮೆ ಬಡಿಸಿ ತೃಪ್ತಿಯನ್ನು ಬೋಧಿಸುವುದು ಬೇರೆ, ತನ್ನ ಎಲೆಗೆ ಬಂದ ಹೆಚ್ಚಿನ ತುತ್ತನ್ನು ಹಿಂದಿರುಗಿಸಿ ತಣಿದಿರುವುದು ಬೇರೆ. ಪಂಕ್ತಿಭೇದವನ್ನು ಕ್ಷಣವೂ ಸಹಿಸದಿದ್ದ ಈ ಮಹನೀಯರ ಹೆಸರನ್ನು ಮೊದಲನೆಯದಕ್ಕೆ ಬಳಸುವುದು ಸಲ್ಲದು. ನಾವು ಮನವಿಗಳನ್ನು ಬರೆಯುತ್ತಲೇ ಇರುವೆವು. ಬರೆದ ರಾತ್ರಿ ಚೆನ್ನಾಗಿ ನಿದ್ರೆಯನ್ನೂ ಮಾಡುವೆವು.

೧೯೪೮ರ ಕೊನೆಯಲ್ಲಿ ಎಡತೋಳಿನಲ್ಲಿ ಸಣ್ಣ ಗಂಟೊಂದು ಕಾಣಿಸಿತು. ೧೯೪೯ರ ಫೆಬ್ರುವರಿಯಲ್ಲಿ ಕತ್ತರಿಸಿ ತೆಗೆದರು; ಮತ್ತೆ ಬೆಳೆಯಿತು. ಮಾರ್ಚಿಯಲ್ಲಿ, ಆಗಸ್ಟಿನಲ್ಲಿ, ಡಿಸೆಂಬರಿನಲ್ಲಿ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ಸಾರ್ಕೋಮಾ ಎಂಬ ದುಷ್ಟವ್ರಣ. ತೋಳನ್ನೇ ತೆಗೆಯಬೇಕೆಂದಾಗ ಅವರು ಒಪ್ಪಲಿಲ್ಲ; ದೇಹವೇ ಒಂದು ರೋಗ, ಅದು ತನ್ನ ಗತಿಯನ್ನು ಕಾಣಲಿ ಎಂಬುದು ಅವರ ನಿಲುವು. ನೋವಿರಲಿಲ್ಲವೆಂದು ಹೇಳಿದರೆ ಸುಳ್ಳಾಗುವುದು. ನಿದ್ರೆಯಲ್ಲಿ ನರಳುವುದನ್ನು ಸೇವಕರು ಕೇಳಿರುವರು. ನೋವು ಇದ್ದಿತು, ದುಃಖವಿರಲಿಲ್ಲ. ಈ ಎರಡರ ನಡುವಿನ ಅಂತರವನ್ನು ವೈದ್ಯರು ಕಣ್ಣಾರೆ ಕಂಡು ಬೆರಗಾದರು. ದರ್ಶನಕ್ಕೆ ಬಂದವರನ್ನು ತಡೆಯಗೊಡಲಿಲ್ಲ. ನಮ್ಮನ್ನು ಬಿಟ್ಟು ಹೋಗುವಿರಾ ಎಂದು ಅತ್ತವರಿಗೆ, ಹೋಗಲು ಸ್ಥಳವೆಲ್ಲಿದೆ, ಇಲ್ಲಿಯೇ ಇರುವೆನೆಂಬ ಭಾವದ ಸಮಾಧಾನವನ್ನು ಹೇಳಿದರು.

೧೯೫೦ನೆಯ ಏಪ್ರಿಲ್ ೧೪, ಶುಕ್ರವಾರ. ಸಂಜೆಯಾ ಮೇಲೆ ತಮ್ಮನ್ನು ಎತ್ತಿ ಕೂರಿಸಲು ಹೇಳಿದರು. ಹೊರಜಗಲಿಯಲ್ಲಿ ಭಕ್ತರು ಅರುಣಾಚಲ ಶಿವನ ಹಾಡನ್ನು ಹಾಡತೊಡಗಿದರು. ಬಹು ಹಿಂದೆ ಭಿಕ್ಷೆಗೆ ಹೋಗುವ ಸಾಧುಗಳಿಗಾಗಿ ಅವರೇ ಕಟ್ಟಿಕೊಟ್ಟಿದ್ದ ಹಾಡು ಅದು. ಕಣ್ಣುಗಳು ಅರಳಿ ಹೊಳೆದವು, ಕೊನೆಯಿಂದ ಆನಂದಬಾಷ್ಪವು ಜಾರಿತು. ಎಂಟು ಗಂಟೆ ನಲವತ್ತೇಳು ನಿಮಿಷಕ್ಕೆ ಉಸಿರು ಸದ್ದಿಲ್ಲದೆ ನಿಂತಿತು. ಆ ಹೊತ್ತಿಗೆ ಆಕಾಶದಲ್ಲಿ ಉಲ್ಕೆಯೊಂದು ಬೆಟ್ಟದ ಕಡೆಗೆ ಸಾಗಿದುದನ್ನು ಅನೇಕರು ಕಂಡರು. ಆಗ ಅಲ್ಲಿಗೆ ಬಂದಿದ್ದ ಫ್ರಾನ್ಸಿನ ಛಾಯಾಚಿತ್ರಕಾರ ಕಾರ್ಟಿಯೆ ಬ್ರೆಸ್ಸಾನನೂ ಕಂಡು ಬರೆದಿಟ್ಟಿರುವನು.

ಅಂದಿನ ಮಧ್ಯಾಹ್ನದ ಸಂಗತಿಯೊಂದನ್ನು ಹೇಳದೆ ಬಿಟ್ಟೆವು. ಪಥ್ಯದ ನೀರನ್ನು ತಂದಾಗ ಅವರು ವಾಡಿಕೆಯಂತೆ ಗಂಟೆಯೆಷ್ಟೆಂದು ಕೇಳಿ, ಇನ್ನು ಮೇಲೆ ಹೊತ್ತಿನ ಗೊಡವೆಯಿಲ್ಲವೆಂದರು. ವರುಷಗಟ್ಟಲೆ ಸೇವೆ ಮಾಡಿದ ಪರಿಚಾರಕರ ಕಡೆಗೆ ತಿರುಗಿ, ಇಂಗ್ಲಿಷಿನವರು ಇಂತಹ ಸಂದರ್ಭಕ್ಕೆ ಥ್ಯಾಂಕ್ಸ್ ಎಂಬ ಮಾತನ್ನು ಇಟ್ಟುಕೊಂಡಿರುವರು, ನಾವಾದರೋ ಸಂತೋಷವೆಂದು ಮಾತ್ರ ಹೇಳುವೆವೆಂದು ತಿಳಿಸಿದರು. ಆ ಮಾತು ತಮಿಳಿಗೂ ಕನ್ನಡಕ್ಕೂ ಒಂದೇ. ನಮ್ಮ ಸೀಮೆಯ ಸಂತೆಬೀದಿಯಲ್ಲಿ ಎರಡು ನುಡಿಯವರೂ ಅದನ್ನು ದಿನಕ್ಕೆ ಹತ್ತು ಸಲ ಆಡುವರು.